ಮುಚ್ಚಿದ ಕಾರ್ಖಾನೆಯ ನೆಲದಲ್ಲಿ ಉಪ್ಪು: ಮೂಲ ಪತ್ತೆ ಮತ್ತು ನಿವಾರಣೆ

ಉಪ್ಪು ಬಳಸಿ ನೂಲಿಗೆ ಬಣ್ಣ ಹಾಕುತ್ತಿದ್ದ ಘಟಕ, ಹಸಿ ತೊಗಲಿಗೆ ಉಪ್ಪು ಹಚ್ಚಿ ದಾಸ್ತಾನಿಡುತ್ತಿದ್ದ ಗೋದಾಮು, ಬಾಯ್ಲರ್ ನೀರಿಗಾಗಿ ಸಾಫ್ಟನರ್ (ಗಡಸು ನೀರನ್ನು ಮೆದುಗೊಳಿಸುವ, ಆಗಾಗ ಉಪ್ಪುನೀರಿನಿಂದ ತೊಳೆಯಬೇಕಾದ ಯಂತ್ರ) ಇಟ್ಟುಕೊಂಡಿದ್ದ ಕಾರ್ಖಾನೆ, ಇವುಗಳಲ್ಲಿ ಯಾವುದೇ ಒಂದು ಮುಚ್ಚಿ ವರ್ಷಗಳಾದ ಮೇಲೆ ಆ ಜಾಗವನ್ನು ಕೊಂಡವರಿಗೆ ಕಾಣುವ ಲಕ್ಷಣಗಳು ಹೆಚ್ಚುಕಡಿಮೆ ಒಂದೇ. ಫೆಬ್ರವರಿ, ಮಾರ್ಚ್ ಹೊತ್ತಿಗೆ ನೆಲದ ಮೇಲೆ ಬಿಳಿ ಪದರ ಏಳುತ್ತದೆ. ಕಾಂಪೌಂಡ್ ಗೋಡೆಯ ಗಾರೆ ಬುಡದಿಂದ ಉದುರುತ್ತದೆ. ಬಳ್ಳಾರಿ ಜಾಲಿ ಬಿಟ್ಟರೆ ಬೇರೆ ಗಿಡ ನಿಲ್ಲುವುದಿಲ್ಲ. ಪಕ್ಕದ ತೋಟದ ಬೋರ್‌ವೆಲ್ ನೀರು ಸಪ್ಪೆಯಿದ್ದದ್ದು ಉಪ್ಪಾಗಿ, ಟೊಮೆಟೊ ಎಲೆಯ ಅಂಚು ಸುಟ್ಟಂತೆ ಒಣಗುತ್ತದೆ. ಬೀನ್ಸ್ ಬೆಳೆಯಿದ್ದರೆ ಅದಕ್ಕೂ ಮೊದಲೇ ಸೊರಗುತ್ತದೆ. ಮಣ್ಣಿನ ವಿದ್ಯುತ್ ವಾಹಕತೆ (ಉಪ್ಪು ಹೆಚ್ಚಿದಷ್ಟೂ ಏರುವ ಅಳತೆ) ಮೀಟರಿಗೆ 1 ಡೆಸಿಸೀಮೆನ್ಸ್ ದಾಟಿದಾಗಲೇ ಬೀನ್ಸ್ ಇಳುವರಿ ತಗ್ಗತೊಡಗಿದರೆ, ಟೊಮೆಟೊ ಸುಮಾರು 2.5ರವರೆಗೆ ತಾಳಿಕೊಳ್ಳುತ್ತದೆ.

ಕೋಲಾರ ಜಿಲ್ಲೆಯ ಗ್ರಾನೈಟ್ ಮತ್ತು ನೈಸ್ (ಪಟ್ಟೆಪಟ್ಟೆಯ ಗಟ್ಟಿ ಶಿಲೆ) ಕಲ್ಲಿನ ನೆಲವನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕೈಪಿಡಿಯನ್ನು ಬರೆಯಲಾಗಿದೆ. ಚಿಕ್ಕಬಳ್ಳಾಪುರ ಮತ್ತು ತುಮಕೂರಿನ ಬಹುಪಾಲು ಪ್ರದೇಶಕ್ಕೂ ಇದು ಹೊಂದುತ್ತದೆ. ಕೆಲಸಕ್ಕೆ ಇಳಿಯುವ ಮೊದಲು ಒಂದು ಸಂಗತಿಯನ್ನು ಒಪ್ಪಿಕೊಳ್ಳಬೇಕು. ಡೀಸೆಲ್ ಚೆಲ್ಲಿದ ಮಣ್ಣಾಗಿದ್ದರೆ ಸೂಕ್ಷ್ಮಜೀವಿಗಳು ಕಾಲಕ್ರಮೇಣ ಅದನ್ನು ಜೀರ್ಣಿಸಿಕೊಳ್ಳುತ್ತವೆ. ಉಪ್ಪನ್ನು ಯಾವ ಜೀವಿಯೂ ಹಾಗೆ ಒಡೆದು ಮುಗಿಸುವುದಿಲ್ಲ. ಹೀಗಾಗಿ ಯಾವ ಪರಿಹಾರವನ್ನು ಹಿಡಿದರೂ ಅದು ಉಪ್ಪನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಕೆಲಸವೇ. ಆ ಇನ್ನೊಂದೆಡೆ ಯಾವುದು ಎಂದು ತೀರ್ಮಾನವಾಗದೆ ಜಿಪ್ಸಂ (ಮಣ್ಣಿನ ಸೋಡಿಯಂ ಕೀಳಲು ಹಾಕುವ ಕ್ಯಾಲ್ಸಿಯಂ ಸಲ್ಫೇಟ್) ಲಾರಿಯನ್ನಾಗಲಿ ಪಂಪನ್ನಾಗಲಿ ತರಿಸಬಾರದು. ಜೀವಾಣು ದ್ರಾವಣದಿಂದ ಉಪ್ಪನ್ನು ತಿನ್ನಿಸುತ್ತೇವೆ, ಪೈಪಿಗೆ ಅಯಸ್ಕಾಂತ ಕಟ್ಟಿ ನೀರನ್ನು ಸಿಹಿ ಮಾಡುತ್ತೇವೆ ಎಂದು ಬರುವವರಿಗೆ, ಮೊದಲು ಮತ್ತು ನಂತರದ ವಾಹಕತೆಯನ್ನು ನಮ್ಮ ಮೀಟರಿನಲ್ಲೇ ಅಳೆದು ತೋರಿಸುವಂತೆ ಕೇಳಿದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಅಳತೆ ಸರಿಯಿದೆಯೇ

ಪೆನ್ನಿನಂಥ ಇ.ಸಿ. (ವಿದ್ಯುತ್ ವಾಹಕತೆ) ಮೀಟರ್ ಈಗ ಎಲ್ಲರ ಕೈಗೂ ಸಿಗುತ್ತದೆ, ಆದರೆ ಅದನ್ನು 1413 ಮೈಕ್ರೋಸೀಮೆನ್ಸ್‌ನ ಮಾನಕ ದ್ರಾವಣದಲ್ಲಿ ಸರಿಹೊಂದಿಸುವವರು ಕಡಿಮೆ. ಉಷ್ಣತೆಯ ತಿದ್ದುಪಡಿ ಇಲ್ಲದ ಮೀಟರಾದರೆ ಪ್ರತಿ ಡಿಗ್ರಿಗೆ ಶೇ. 2ರಷ್ಟು ವ್ಯತ್ಯಾಸ ಬರುತ್ತದೆ. ಬೆಳಗಿನ ನೀರಿಗೂ ಮಧ್ಯಾಹ್ನದ ನೀರಿಗೂ ಇಲ್ಲದ ಅಂತರ ಅದರಲ್ಲಿ ಕಾಣಿಸಿಕೊಳ್ಳುತ್ತದೆ.

ಪ್ರಯೋಗಾಲಯದ ವರದಿಯನ್ನೂ ಕಣ್ಣು ಮುಚ್ಚಿ ನಂಬಬೇಕಾಗಿಲ್ಲ. ಧನ ಅಯಾನುಗಳ (ಸೋಡಿಯಂ, ಕ್ಯಾಲ್ಸಿಯಂನಂಥವು) ಮತ್ತು ಋಣ ಅಯಾನುಗಳ (ಕ್ಲೋರೈಡ್, ಸಲ್ಫೇಟಿನಂಥವು) ಮೊತ್ತವನ್ನು ಅವುಗಳ ವಿದ್ಯುದಾವೇಶ ಎಣಿಸುವ ಏಕಮಾನವಾದ ಮಿಲಿಈಕ್ವಿವಲೆಂಟ್‌ಗೆ ತಿರುಗಿಸಿ ಹೋಲಿಸಿದಾಗ ಎರಡೂ ಶೇ. 5ರ ಒಳಗೆ ಹೊಂದಬೇಕು. ಹೊಂದದಿದ್ದರೆ ಆ ವರದಿಯನ್ನು ಬದಿಗಿಟ್ಟು ಮತ್ತೆ ಮಾದರಿ ಕೊಡುವುದು ಲೇಸು. ಮಣ್ಣಿನ ವರದಿಯಲ್ಲಿ ಇನ್ನೊಂದು ತೊಡಕಿದೆ. ನಮ್ಮ ಮಣ್ಣು ಪರೀಕ್ಷಾ ಕೇಂದ್ರಗಳು ಸಾಮಾನ್ಯವಾಗಿ ಒಂದು ಪಾಲು ಮಣ್ಣಿಗೆ ಎರಡು ಅಥವಾ ಎರಡೂವರೆ ಪಾಲು ನೀರು ಬೆರೆಸಿ ವಾಹಕತೆಯನ್ನು ಅಳೆಯುತ್ತವೆ. ಮಣ್ಣನ್ನು ಚೌಳು ಎಂದು ಗುರುತಿಸುವ 4 ಡೆಸಿಸೀಮೆನ್ಸ್ ಮಿತಿಯಾಗಲಿ, ಮೇಲೆ ಹೇಳಿದ ಬೆಳೆ ಮಿತಿಗಳಾಗಲಿ ಹೊರಟಿರುವುದು ಮಣ್ಣನ್ನು ಕೆಸರಿನ ಹದಕ್ಕೆ ಕಲಸಿ ಹಿಂಡಿ ತೆಗೆದ ನೀರಿನ ಅಳತೆಯಿಂದ. ಈ ಎರಡನೆಯ ಅಳತೆ ಮೊದಲನೆಯದಕ್ಕಿಂತ ಹಲವು ಪಟ್ಟು ಹೆಚ್ಚು ಬರುತ್ತದೆ, ಮರಳು ಮಣ್ಣಿನಲ್ಲಿ ಅಂತರ ಇನ್ನೂ ದೊಡ್ಡದು. ಆದ್ದರಿಂದ ವರದಿಯಲ್ಲಿ 1.2 ಎಂದು ನೋಡಿ ನೆಲ ಚೆನ್ನಾಗಿದೆ ಎಂದುಕೊಳ್ಳುವುದು ಅಪಾಯ.

ಉಪ್ಪು ಯಾವುದು, ಎಲ್ಲಿಯದು

ಬರೀ ಟಿ.ಡಿ.ಎಸ್. (ನೀರಿನಲ್ಲಿ ಕರಗಿದ ಒಟ್ಟು ಲವಣ) ನೋಡಿ ಕಾರ್ಖಾನೆಯ ಮೇಲೆ ತೀರ್ಪು ಕೊಡಲಾಗದು. ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಕ್ಲೋರೈಡ್, ಸಲ್ಫೇಟ್, ಬೈಕಾರ್ಬೊನೇಟ್, ನೈಟ್ರೇಟ್, ಫ್ಲೋರೈಡ್ ಇಷ್ಟನ್ನೂ ಬರೆಸಿಕೊಳ್ಳಲೇಬೇಕು. ಕ್ಲೋರೈಡಿನ ಜೊತೆ ನೈಟ್ರೇಟ್ ಕೂಡ ಏರಿದ್ದರೆ ಮೊದಲು ಅನುಮಾನಿಸಬೇಕಾದದ್ದು ಪಾಯಿಖಾನೆ ಗುಂಡಿ, ಚರಂಡಿ, ದನದ ಕೊಟ್ಟಿಗೆಗಳನ್ನು. ನೈಟ್ರೇಟ್ ಮೊದಲಿನಂತೆಯೇ ಇದ್ದು ಕ್ಲೋರೈಡ್ ಮಾತ್ರ ಏರಿದ್ದರೆ ಉಪ್ಪಿನ ಕಡೆಗೆ ಬೆರಳು ತೋರಿಸಬಹುದು. ಬಣ್ಣದ ಘಟಕಗಳಲ್ಲಿ ಅಡುಗೆ ಉಪ್ಪಿನ ಬದಲು ಸೋಡಿಯಂ ಸಲ್ಫೇಟನ್ನು ಬಳಸಿದ್ದರೆ ಕ್ಲೋರೈಡ್ ಕಡಿಮೆಯಿದ್ದು ಸಲ್ಫೇಟ್ ಹೆಚ್ಚಿರುತ್ತದೆ. ಮುಂದೆ ಜಿಪ್ಸಂ ಹಾಕುವ ಯೋಚನೆಯಿದ್ದರೆ ಈ ಸಲ್ಫೇಟ್ ಅಂಕಿಯನ್ನು ಈಗಲೇ ದಾಖಲಿಸಿಡಬೇಕು, ಏಕೆಂದರೆ ಜಿಪ್ಸಂ ಕೂಡ ಸಲ್ಫೇಟನ್ನೇ ಬಿಡುತ್ತದೆ. ಆಮೇಲೆ ಹಳೆಯದು ಯಾವುದು, ಹೊಸದು ಯಾವುದು ಎಂದು ಬೇರ್ಪಡಿಸಲಾಗದು.

ಒಂದು ವರದಿ ಹೀಗಿದೆ ಎಂದಿಟ್ಟುಕೊಳ್ಳೋಣ: ಲೀಟರಿಗೆ ಕ್ಲೋರೈಡ್ 900 ಮಿ.ಗ್ರಾಂ, ಸೋಡಿಯಂ 310, ಕ್ಯಾಲ್ಸಿಯಂ 230, ಮೆಗ್ನೀಸಿಯಂ 75, ಸಲ್ಫೇಟ್ 90, ಬೈಕಾರ್ಬೊನೇಟ್ 250, ನೈಟ್ರೇಟ್ 20. ಎರಡೂ ಬದಿಯ ಮೊತ್ತ 31 ಚಿಲ್ಲರೆ ಮಿಲಿಈಕ್ವಿವಲೆಂಟ್ ಬರುವುದರಿಂದ ವರದಿಯನ್ನು ನಂಬಬಹುದು. ಅಡುಗೆ ಉಪ್ಪಿನಲ್ಲಿ ಕ್ಲೋರೈಡಿನ ತೂಕದ 0.65 ಪಟ್ಟು ಸೋಡಿಯಂ ಇರುತ್ತದೆ. 900 ಕ್ಲೋರೈಡಿಗೆ ಸುಮಾರು 580 ಸೋಡಿಯಂ ಇರಬೇಕಾಗಿತ್ತು, ಇರುವುದು 310. ಇದನ್ನು ನೋಡಿ, ಇದು ಉಪ್ಪಲ್ಲ, ಬರೀ ಗಡಸು ನೀರು ಎಂದು ಕೈಬಿಡುವವರಿದ್ದಾರೆ. ಆದರೆ ಉಪ್ಪುನೀರು ಮಣ್ಣಿನಲ್ಲಿ ಇಳಿಯುವಾಗ ಜೇಡಿಯ ಕಣಗಳು ಸೋಡಿಯಂ ಅನ್ನು ಹಿಡಿದಿಟ್ಟುಕೊಂಡು ಅದರ ಬದಲಿಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಟ್ಟುಕೊಡುತ್ತವೆ. ಕ್ಲೋರೈಡ್ ಮಾತ್ರ ಯಾವ ತಡೆಯೂ ಇಲ್ಲದೆ ಮುಂದೆ ಸಾಗುತ್ತದೆ. ಹೀಗಾಗಿ ಕೊರತೆಯಾದ ಸೋಡಿಯಂ ಹಿಂದಿನ ಮಣ್ಣಿನಲ್ಲೇ ಕುಳಿತಿದೆ ಎಂದು ಈ ವರದಿಯನ್ನು ಓದಬೇಕು. ಸಾಫ್ಟನರ್ ತೊಳೆದ ನೀರಿನಲ್ಲೂ ಕ್ಯಾಲ್ಸಿಯಂ ಹೆಚ್ಚಿರುತ್ತದೆ ಎಂಬುದು ನಿಜ. ಆದರೆ ಆಗ ಗಡಸುತನ ಆ ನೀರು ಬಿಟ್ಟ ಗುಂಡಿಯ ಬಳಿಯಲ್ಲೇ ಹೆಚ್ಚಿದ್ದು ದೂರ ಹೋದಂತೆ ಕಡಿಮೆಯಾಗುತ್ತದೆ. ಜೇಡಿಯ ವಿನಿಮಯವಾಗಿದ್ದರೆ ಮೂಲದ ಬಳಿ ಸೋಡಿಯಂ ಪ್ರಧಾನವಾಗಿದ್ದು, ದೂರದ ಬೋರ್‌ವೆಲ್‌ಗಳಲ್ಲಿ ಗಡಸುತನದ ಪಾಲು ಹೆಚ್ಚುತ್ತದೆ. ಅಂದಹಾಗೆ, ಇದೇ ನೀರಿನಿಂದ ಕಟ್ಟಡ ಕಟ್ಟಿಸಲು ಹೊರಟವರು ಗಮನಿಸಬೇಕು: ಕಬ್ಬಿಣ ಹಾಕುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ 500 ಮಿ.ಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಐ.ಎಸ್. 456 ಹೇಳುತ್ತದೆ.

ಅದೇ ನೆಲವನ್ನು ಮುಂದೆ ಮಳೆನೀರು ತೊಳೆಯತೊಡಗಿದಾಗ ಚಿತ್ರ ತಿರುಗುತ್ತದೆ. ಜೇಡಿ ತಾನು ಹಿಡಿದಿಟ್ಟ ಸೋಡಿಯಂ ಬಿಟ್ಟು ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ, ನೀರು ಮೆದುವಾಗುತ್ತದೆ. ಕ್ಯಾಲ್ಸಿಯಂ ಕಡಿಮೆಯಾದ ನೀರಿನಲ್ಲಿ ಕಲ್ಲಿನ ಫ್ಲೋರೈಡ್ ಹೆಚ್ಚು ಕರಗುತ್ತದೆ. ಫ್ಲೋರೈಡ್ ಮೊದಲೇ ಸಮಸ್ಯೆಯಾಗಿರುವ ಈ ಜಿಲ್ಲೆಗಳಲ್ಲಿ ಉಪ್ಪು ಇಳಿಯುತ್ತಿದೆ ಎಂದು ಸಮಾಧಾನಪಡುವ ಹೊತ್ತಿಗೆ ಫ್ಲೋರೈಡ್ 1.5 ಮಿ.ಗ್ರಾಂ ದಾಟಿರಬಹುದು, ಕುಡಿಯುವ ನೀರಿನ ಮಾನಕ ಐ.ಎಸ್. 10500ರಲ್ಲಿ ಅದೇ ಕೊನೆಯ ಮಿತಿ.

ಆರೋಪ ಹೊರಿಸುವ ಮೊದಲು ಇನ್ನೆರಡು ಮೂಲಗಳನ್ನು ಪರಿಶೀಲಿಸಬೇಕು. ಒಂದು, ಊರಿನ ಶುದ್ಧ ನೀರಿನ ಘಟಕ. ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಆ ಘಟಕ ಹೊರಗೆ ಬಿಡುವ ರಿಜೆಕ್ಟ್ ನೀರಿನಲ್ಲಿ ಮೂಲ ನೀರಿನ ಉಪ್ಪೆಲ್ಲ ಸಾಂದ್ರವಾಗಿರುತ್ತದೆ, ಅದು ಪಕ್ಕದ ಮೋರಿಯಲ್ಲಿ ನಿಂತು ಇಂಗುತ್ತಿದ್ದರೆ ಹತ್ತಿರದ ಬೋರ್‌ವೆಲ್ ಕೆಡಲು ಕಾರ್ಖಾನೆಯೇ ಬೇಕಿಲ್ಲ. ಎರಡು, ಕೆರೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅದರಲ್ಲಿ ಮಳೆನೀರಿಗಿಂತ ಸೋಡಿಯಂ, ಕ್ಲೋರೈಡ್ ಹೆಚ್ಚಿರುವುದು ಸಹಜ. ಆದ್ದರಿಂದ ಹೋಲಿಕೆಗೆ ಆರಿಸುವ ಶುದ್ಧ ಬೋರ್‌ವೆಲ್ ಅದೇ ಕೆರೆಯ ಪ್ರಭಾವದಲ್ಲಿರಬೇಕು. ಕೆರೆಯಿಲ್ಲದ ಗುಡ್ಡದ ಮೇಲಿನ ಬೋರ್‌ವೆಲ್ ಜೊತೆ ಹೋಲಿಸಿದರೆ ತಪ್ಪು ಉತ್ತರ ಬರುತ್ತದೆ. ಅನುಮಾನ ಉಳಿದರೆ ಬ್ರೋಮೈಡ್ ಪರೀಕ್ಷೆ ಮಾಡಿಸಬಹುದು. ಕ್ಲೋರೈಡನ್ನು ಬ್ರೋಮೈಡಿನಿಂದ ಭಾಗಿಸಿದಾಗ ತ್ಯಾಜ್ಯನೀರಿನಲ್ಲಿ ಸಾಮಾನ್ಯವಾಗಿ ಕೆಲವು ನೂರು ಬರುತ್ತದೆ, ಗಣಿಯ ಕಲ್ಲುಪ್ಪಿನಲ್ಲಿ ಸಾವಿರ ದಾಟುತ್ತದೆ. ಸಮುದ್ರದ ಉಪ್ಪನ್ನು ಬಳಸಿದ್ದ ಕಾರ್ಖಾನೆಯಾದರೆ ಈ ಗೆರೆ ಅಷ್ಟು ಸ್ಪಷ್ಟವಾಗಿರುವುದಿಲ್ಲ.

ಕೆರೆಯ ವಿಚಾರದಲ್ಲೇ ಇನ್ನೊಂದು ಮುಖವಿದೆ. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಸುಮ್ಮನಿದ್ದ ನೆಲ ಈಗೇಕೆ ಉಪ್ಪು ಬಿಡುತ್ತಿದೆ ಎಂಬ ಪ್ರಶ್ನೆ ಬಂದಾಗ ಅಂತರ್ಜಲದ ಮಟ್ಟವನ್ನು ನೋಡಬೇಕು. ನೀರು ನೂರಾರು ಅಡಿ ಕೆಳಗಿದ್ದ ಕಾಲದಲ್ಲಿ ಇಳಿದ ಉಪ್ಪು ಮೇಲಿನ ಶಿಥಿಲ ಕಲ್ಲಿನ, ಅಂದರೆ ಸವೆದು ಸಡಿಲಗೊಂಡ ಕಲ್ಲಿನ, ಪದರದಲ್ಲಿ ಒಣಗಿ ನಿಂತಿರುತ್ತದೆ. ಕೆರೆ ತುಂಬಿ ನೀರಿನ ಮಟ್ಟ ಮೇಲೇರಿದಾಗ ಅದು ಕೆಳಗಿನಿಂದಲೇ ತೊಯ್ದು ಕರಗುತ್ತದೆ. ಬತ್ತಿದ್ದ ತೆರೆದ ಬಾವಿಯಲ್ಲಿ ನೀರು ಮರಳಿ ಬಂದು, ಅದೇ ಬಾವಿಯ ನೀರು ಉಪ್ಪಾಗಿದ್ದರೆ ಮೊದಲು ಯೋಚಿಸಬೇಕಾದ ಕಾರಣ ಇದು.

ನೆಲದಲ್ಲಿ ಎಲ್ಲಿ ಕುಳಿತಿದೆ

ಉಪಕರಣಕ್ಕಿಂತ ಮೊದಲು ಹಳೆಯ ಕೆಲಸಗಾರರನ್ನು ವಿಚಾರಿಸುವುದು ಅಗ್ಗ ಮತ್ತು ಫಲಕಾರಿ. ಉಪ್ಪು ಎಲ್ಲಿತ್ತು ಎಂದರೆ ಯಾರೂ ಬಾಯಿ ಬಿಡುವುದಿಲ್ಲ. “ಯಜಮಾನ್ರೇ, ಉಪ್ಪಿನ ಮೂಟೆ ಲಾರಿ ಎಲ್ಲಿ ನಿಲ್ಲಿಸ್ತಿದ್ರು? ಟ್ಯಾಂಕ್ ತೊಳೆದ ನೀರು ಯಾವ ಕಡೆ ಹೋಗ್ತಿತ್ತು?” ಎಂದು ಕೇಳಿದರೆ ಕಾವಲುಗಾರರೇ ಜಾಗದವರೆಗೆ ನಡೆದುಕೊಂಡು ಬಂದು ತೋರಿಸುತ್ತಾರೆ. ಆವಿಯಾಗಿಸುವ ಕೊಳದ ಹರಿದ ಪ್ಲಾಸ್ಟಿಕ್ ಹಾಸು, ಮಣ್ಣಿನ ಮೋರಿ, ಮೂಟೆ ಇಳಿಸುವ ಕಟ್ಟೆಯ ಬುಡ, ಇವು ಮೂರೂ ಪದೇ ಪದೇ ಸಿಗುವ ಜಾಗಗಳು.

ಮಾದರಿಯನ್ನು 0–15, 15–30, 30–60, 60–90 ಸೆಂ.ಮೀ. ಹೀಗೆ ಆಳವಾರು, ಶಿಥಿಲ ಕಲ್ಲು ಸಿಗುವವರೆಗೂ ತೆಗೆಯಬೇಕು. ಕಾಂಪೌಂಡಿನ ಹೊರಗೆ, ಇಳಿಜಾರಿನ ಮೇಲ್ಭಾಗದಲ್ಲೂ ಅಷ್ಟೇ ಆಳದ ಮಾದರಿ ಬೇಕು. ಹೋಲಿಕೆಗೆ ಆಧಾರ ಅದೇ. ಬೇಸಿಗೆಯಲ್ಲಿ ಉಪ್ಪು ತೇವದ ಜೊತೆ ಮೇಲೆದ್ದು ಬರುತ್ತದೆ, ಮಳೆಗಾಲದ ನಂತರ ಕೆಳಗೆ ಇಳಿದಿರುತ್ತದೆ. ಏಪ್ರಿಲ್ ಮಾದರಿಯನ್ನು ನವೆಂಬರ್ ಮಾದರಿಯೊಂದಿಗೆ ಹೋಲಿಸಿ ಮೇಲ್ಮಣ್ಣು ಸುಧಾರಿಸಿತೆಂದು ವರದಿ ಬರೆಯುವುದು ತೀರಾ ಸಾಮಾನ್ಯ, ಅಷ್ಟೇ ನಿರರ್ಥಕ.

ಬೋರ್‌ವೆಲ್ ಪಾಯಿಂಟ್ ಮಾಡುವ ಭೂವಿಜ್ಞಾನಿಗಳ ರೆಸಿಸ್ಟಿವಿಟಿ (ನೆಲದ ವಿದ್ಯುತ್ ರೋಧ ಅಳೆಯುವ) ಉಪಕರಣದಿಂದಲೇ ಉಪ್ಪಿನ ಹರವನ್ನೂ ಗುರುತಿಸಬಹುದು. ಆದರೆ ಏನನ್ನು ಹುಡುಕುತ್ತಿದ್ದೇವೆ ಎಂದು ಅವರಿಗೆ ಮೊದಲೇ ತಿಳಿಸಬೇಕು, ಏಕೆಂದರೆ ಗಟ್ಟಿ ಗ್ರಾನೈಟ್ ಸಾವಿರಾರು ಓಮ್ ಮೀಟರ್ ತೋರಿಸುವ ಈ ನೆಲದಲ್ಲಿ ಕಡಿಮೆ ರೋಧ ಕಂಡರೆ ನೀರು ಸಿಕ್ಕಿತೆಂದೇ ಅವರು ಓದುವ ಅಭ್ಯಾಸ. ಉಪ್ಪು ನೆನೆದ ಪದರವೂ ಹಾಗೇ ಕಾಣುತ್ತದೆ, ಇನ್ನೂ ಚೆನ್ನಾಗಿ ಕಾಣುತ್ತದೆ. ಹತ್ತು ಓಮ್ ಮೀಟರಿಗಿಂತ ಕೆಳಗೆ ಬಂದಲ್ಲಿ ಜೇಡಿಯೋ ಉಪ್ಪೋ ಎಂದು ಮಣ್ಣು ತೆಗೆದೇ ನೋಡಬೇಕು.

ಬೋರ್‌ವೆಲ್‌ನ ಒಳಗೆ

ಪಂಪ್ ಹಾಕಿದ ಒಂದು ನಿಮಿಷ, ಐದು ನಿಮಿಷ, ಕಾಲು ಗಂಟೆ, ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆಯ ನೀರನ್ನು ಬೇರೆ ಬೇರೆ ಬಾಟಲಿಗಳಲ್ಲಿ ಹಿಡಿದು ವಾಹಕತೆ ಅಳೆಯಿರಿ. ಮೊದಲು ಉಪ್ಪಾಗಿದ್ದು ಆಮೇಲೆ ಇಳಿದರೆ, ಮೇಲಿನ ಉಪ್ಪುನೀರು ಕೇಸಿಂಗ್ ಪೈಪಿನ ಹೊರಬದಿಯಿಂದಲೋ, ಪೈಪು ಗಟ್ಟಿ ಕಲ್ಲಿನ ಮೇಲೆ ಸರಿಯಾಗಿ ಕೂರದ ಬುಡದಿಂದಲೋ ಪಂಪ್ ನಿಂತಿರುವ ಹೊತ್ತಿನಲ್ಲಿ ಒಳಗೆ ಸೋರಿ ಶೇಖರವಾಗುತ್ತಿದೆ. ಮೊದಲು ಸಪ್ಪೆಯಿದ್ದು ಹೊತ್ತು ಕಳೆದಂತೆ ಏರಿದರೆ ಪಂಪು ದೂರದ ಉಪ್ಪನ್ನು ಕಲ್ಲಿನ ಬಿರುಕಿನ ಮೂಲಕ ತನ್ನತ್ತ ಎಳೆಯುತ್ತಿದೆ. ಮೊದಲನೆಯದು ಆ ಬೋರ್‌ವೆಲ್‌ನ ದೋಷ, ದುರಸ್ತಿ ಸಾಧ್ಯ. ಎರಡನೆಯದರಲ್ಲಿ ಪಂಪನ್ನು ಹೆಚ್ಚು ಓಡಿಸಿದಷ್ಟೂ ಉಪ್ಪು ಹೊಸ ಜಾಗಗಳಿಗೆ ಹರಡುತ್ತದೆ.

ಋತುವಿನ ಏರಿಳಿತವೂ ಅಷ್ಟೇ ಮಾತಾಡುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಮಳೆಯ ನಂತರ, ನವೆಂಬರಿನಿಂದ ಜನವರಿಯೊಳಗೆ ವಾಹಕತೆ ಏರಿದರೆ ಮೇಲಿನ ಮಣ್ಣಿನಲ್ಲಿ ಇನ್ನೂ ಉಪ್ಪಿದೆ, ಮಳೆ ಅದನ್ನು ಕೆಳಗೆ ತಳ್ಳುತ್ತಿದೆ. ಮಳೆಗೆ ಇಳಿದು ಬೇಸಿಗೆಗೆ ಏರಿದರೆ ಮಣ್ಣು ಬಹುಮಟ್ಟಿಗೆ ತೊಳೆದುಹೋಗಿದ್ದು ಉಪ್ಪು ಕಲ್ಲಿನ ಪದರದಲ್ಲೇ ಉಳಿದಿದೆ ಎಂದು ತಿಳಿಯಬಹುದು. ಮೇಲ್ಮಣ್ಣು ಅಗೆಯುವ ಖರ್ಚು ಮೊದಲ ಸಂದರ್ಭದಲ್ಲಿ ಮಾತ್ರ ಸಾರ್ಥಕ.

ಕಾಂಪೌಂಡಿನೊಳಗೆ ಫೇಲಾದ ಬೋರ್‌ವೆಲ್‌ಗಳಿದ್ದರೆ ಬೇರೆಲ್ಲ ಕೆಲಸಕ್ಕಿಂತ ಮೊದಲು ಅವನ್ನು ಹುಡುಕಬೇಕು. ಬೋರ್ ಫೇಲಾದ ಮೇಲೆ ಕೇಸಿಂಗ್ ಎಳೆದು ಇನ್ನೊಂದಕ್ಕೆ ಬಳಸಿ, ಬಾಯಿಗೆ ಚಪ್ಪಡಿ ಮುಚ್ಚಿ ಬಿಡುವುದು ಇಲ್ಲಿನ ರೂಢಿ. ಹಾಗೆ ಬಿಟ್ಟ ರಂಧ್ರ ಮೇಲಿನ ಉಪ್ಪನ್ನು ನೇರವಾಗಿ ಸಾವಿರ ಅಡಿ ಆಳಕ್ಕೂ ಇಳಿಸಬಲ್ಲದು. ಅದರೊಳಗೆ ತ್ಯಾಜ್ಯನೀರನ್ನೇ ಬಿಟ್ಟಿದ್ದರೆ ಮಣ್ಣಿನ ಮಾದರಿ ನಿರ್ಮಲವಾಗಿದ್ದರೂ ಬೋರ್‌ವೆಲ್‌ಗಳು ಕೆಟ್ಟಿರುತ್ತವೆ. ಮಕ್ಕಳು ಬೀಳದಂತೆ ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ಸೂಚನೆಗಳ ಪ್ರಕಾರ ಜೇಡಿ, ಮರಳು, ಕಲ್ಲು ತುಂಬಿದರೆ ಸುರಕ್ಷತೆಗೆ ಸಾಕು, ಉಪ್ಪುನೀರನ್ನು ತಡೆಯಲು ಸಾಲದು. ಸಿಮೆಂಟ್ ಮತ್ತು ಬೆಂಟೊನೈಟ್ (ನೀರಿಗೆ ಊದುವ ಜೇಡಿ) ಬೆರೆಸಿದ ಗ್ರೌಟನ್ನು (ತೆಳು ಗಾರೆಯನ್ನು), ಕನಿಷ್ಠಪಕ್ಷ ಶಿಥಿಲ ಪದರ ಮತ್ತು ಗಟ್ಟಿ ಕಲ್ಲು ಕೂಡುವ ಭಾಗದುದ್ದಕ್ಕೂ ತುಂಬಬೇಕು. ಮೇಲಿನಿಂದ ಸುರಿಯಬಾರದು, ಪೈಪನ್ನು ಇಳಿಸಿ ಕೆಳಗಿನಿಂದ ಮೇಲಕ್ಕೆ ತುಂಬಿಸುತ್ತ ಬರಬೇಕು.

ಮಣ್ಣಿನ ನಿವಾರಣೆ

ಮೇಲೆದ್ದ ಬಿಳಿ ಪದರವನ್ನು ಬೇಸಿಗೆಯಲ್ಲೇ, ಮೊದಲ ಮಳೆಗೆ ಮುಂಚೆ ಕೆರೆದು ತೆಗೆಯುವುದು ಎಲ್ಲಕ್ಕಿಂತ ಅಗ್ಗದ ಕೆಲಸ, ಎಲ್ಲರೂ ಮರೆಯುವ ಕೆಲಸವೂ ಹೌದು. ಕೆರೆದದ್ದನ್ನು ಟಾರ್ಪಾಲಿನ ಮೇಲೆ ರಾಶಿ ಹಾಕಿ ಮುಚ್ಚಿಡಬೇಕು. ಬಣ್ಣದ ಘಟಕದ ಗಸಿ ಅದರಲ್ಲಿ ಬೆರೆತಿದ್ದರೆ ಅದು ಅಪಾಯಕಾರಿ ತ್ಯಾಜ್ಯದ 2016ರ ನಿಯಮಗಳಡಿ ಬರುತ್ತದೆ. ಆಗ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಿ ದಾಬಸ್‌ಪೇಟೆಯಲ್ಲಿರುವಂಥ ಅಧಿಕೃತ ವಿಲೇವಾರಿ ನೆಲೆಗೇ ಕಳಿಸಬೇಕು, ಹಳ್ಳಕ್ಕಲ್ಲ.

ಉಳಿದ ಮಣ್ಣು ಬರೀ ಉಪ್ಪೋ, ಸೋಡಿಯಂ ಹಿಡಿದು ಕೆಟ್ಟದ್ದೋ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಕಡಲೆಕಾಳಿನಷ್ಟು ಒಣ ಹೆಂಟೆಯನ್ನು ಗಾಜಿನ ಲೋಟದಲ್ಲಿರುವ ಮಳೆನೀರಿಗೋ ಆರ್.ಓ. ನೀರಿಗೋ ಮೆಲ್ಲಗೆ ಬಿಟ್ಟು, ಅಲುಗಾಡಿಸದೆ ಕೆಲವು ಗಂಟೆ ಇಡಬೇಕು. ಹೆಂಟೆ ಕುಸಿದರೂ ಸುತ್ತಲ ನೀರು ತಿಳಿಯಾಗಿಯೇ ಉಳಿದರೆ ಒಳ್ಳೆಯದು. ಸುತ್ತ ಹಾಲಿನಂಥ ಮಸುಕು ಹರಡಿದರೆ ಜೇಡಿ ಬಿಡಿಬಿಡಿಯಾಗಿ ತೇಲುತ್ತಿದೆ ಎಂದು ಅರ್ಥ. ಆದರೆ ಉಪ್ಪು ತುಂಬಿದ ಮಣ್ಣಿನಲ್ಲಿ ಆ ಉಪ್ಪೇ ಜೇಡಿಯನ್ನು ಹಿಡಿದಿಟ್ಟು ಮೊದಲ ಸಲ ಮೋಸಮಾಡುತ್ತದೆ. ಆದ್ದರಿಂದ ಅದೇ ಮಣ್ಣನ್ನು ಶುದ್ಧ ನೀರಿನಲ್ಲಿ ಎರಡು ಮೂರು ಬಾರಿ ತೊಳೆದು, ಒಣಗಿಸಿ, ಮತ್ತೆ ಬಿಟ್ಟು ನೋಡಬೇಕು. ಪ್ರಯೋಗಾಲಯದ ಭಾಷೆಯಲ್ಲಿ ಸೋಡಿಯಂ ಹೀರಿಕೆ ಅನುಪಾತ (ಕ್ಯಾಲ್ಸಿಯಂ, ಮೆಗ್ನೀಸಿಯಂಗೆ ಹೋಲಿಸಿದರೆ ಸೋಡಿಯಂ ಎಷ್ಟಿದೆ ಎಂಬ ಲೆಕ್ಕ) 13 ಮೀರಿದ್ದರೆ, ಅಥವಾ ಜೇಡಿ ಹಿಡಿದಿರುವ ಅಯಾನುಗಳಲ್ಲಿ ಸೋಡಿಯಂ ಶೇ. 15 ದಾಟಿದ್ದರೆ ಎಚ್ಚರ ವಹಿಸಬೇಕು. ಅಂಥ ಮಣ್ಣಿಗೆ ಜಿಪ್ಸಂ ಇಲ್ಲದೆ ನೀರು ಕಟ್ಟಿದರೆ ಉಪ್ಪು ಹೋದಂತೆ ಜೇಡಿ ಊದಿ ರಂಧ್ರಗಳು ಮುಚ್ಚಿ, ಮುಂದೆ ನೀರೇ ಇಂಗದಂತಾಗುತ್ತದೆ. ಕೋಲಾರದ ಕೆಂಪು ಮರಳುಮಿಶ್ರಿತ ಮಣ್ಣಿನಲ್ಲಿ ಈ ಭಯ ಕಡಿಮೆ. ಆದರೆ ಜಾಗವನ್ನು ಎತ್ತರಿಸಲು ಕೆರೆ ಹೂಳು ತುಂಬಿಸಿದ್ದರೆ ಭಯ ಹೆಚ್ಚು, ಮತ್ತು ಹೂಳು ತುಂಬಿಸಿದ ವಿಚಾರ ಯಾವ ದಾಖಲೆಯಲ್ಲೂ ಇರುವುದಿಲ್ಲ.

ಸೋಡಿಯಂ ಇಲ್ಲದ ಬರೀ ಚೌಳಿಗೆ ಜಿಪ್ಸಂ ಹಾಕುವುದು ಹಣ ದಂಡ. ಬೇಕಾದಲ್ಲಿ ಲೆಕ್ಕ ಹೀಗಿದೆ: 15 ಸೆಂ.ಮೀ. ಆಳದ ಮಣ್ಣಿನಿಂದ ನೂರು ಗ್ರಾಂಗೆ ಒಂದು ಮಿಲಿಈಕ್ವಿವಲೆಂಟ್ ಸೋಡಿಯಂ ಕೀಳಲು ಹೆಕ್ಟೇರಿಗೆ ಸುಮಾರು 1.8 ಟನ್, ಅಂದರೆ ಎಕರೆಗೆ ಮುಕ್ಕಾಲು ಟನ್ ಹತ್ತಿರ ಶುದ್ಧ ಜಿಪ್ಸಂ ಬೇಕು. ಅದು ಲೀಟರ್ ನೀರಿಗೆ ಎರಡೂವರೆ ಗ್ರಾಂ ಹತ್ತಿರ ಮಾತ್ರ ಕರಗುವುದರಿಂದ ಪುಡಿಯನ್ನು ಮೇಲ್ಮಣ್ಣಿನಲ್ಲಿ ಬೆರೆಸಬೇಕು, ರಾಶಿ ಬಿಡಬಾರದು.

ತೊಳೆಯಲು ಬೇಕಾಗುವ ನೀರಿನ ಲೆಕ್ಕ ಇನ್ನೂ ಕಠಿಣ. 30 ಸೆಂ.ಮೀ. ಮಣ್ಣಿನ ಉಪ್ಪಿನಲ್ಲಿ ಅರ್ಧ ಹೋಗಲು 15 ಸೆಂ.ಮೀ. ನೀರು, ಶೇ. 80 ಹೋಗಲು 30 ಸೆಂ.ಮೀ. ನೀರು ಮಣ್ಣಿನ ಮೂಲಕ ಇಳಿಯಬೇಕು. ಎಕರೆಗೆ 30 ಸೆಂ.ಮೀ. ಎಂದರೆ 12 ಲಕ್ಷ ಲೀಟರ್, ಅಂದರೆ ಆರು ಸಾವಿರ ಲೀಟರಿನ ಟ್ಯಾಂಕರ್ ಇನ್ನೂರು ಸಲ ಬರಬೇಕು. ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ ಬೀಳುವ ಜಿಲ್ಲೆಯಲ್ಲಿ ಈ ಕೆಲಸವನ್ನು ಮಳೆಗೇ ಒಪ್ಪಿಸಬೇಕಾಗುತ್ತದೆ. ಜುಲೈ, ಆಗಸ್ಟಿನಲ್ಲಿ ಜಿಪ್ಸಂ ಬೆರೆಸಿ, ನೆಲ ಸಮ ಮಾಡಿ, ಸುತ್ತ ಬದು ಹಾಕಿ, ಸೆಪ್ಟೆಂಬರ್ ಮಳೆಯನ್ನು ಅಲ್ಲೇ ನಿಲ್ಲಿಸಬೇಕು. ಇಳಿಜಾರಿನ ಕೆಳಬದಿಯಲ್ಲಿ ಮಣ್ಣು ಮುಗಿದು ಕಲ್ಲು ಶುರುವಾಗುವ ಆಳದವರೆಗೆ ಕಾಲುವೆ ತೋಡಿ, ಇಳಿದ ಉಪ್ಪುನೀರನ್ನು ಹಿಡಿಯುವ ವ್ಯವಸ್ಥೆ ಇಲ್ಲದಿದ್ದರೆ ಇದನ್ನು ಮಾಡಲೇಬಾರದು. ಅದಿಲ್ಲದ ತೊಳೆಯುವಿಕೆ ನಮ್ಮ ನೆಲದ ಉಪ್ಪನ್ನು ಪಕ್ಕದವರ ಬೋರ್‌ವೆಲ್‌ಗೆ ದಾಟಿಸುವುದಷ್ಟೇ.

ಜಾಗದಲ್ಲಿ ಕಟ್ಟುವುದು ಗೋದಾಮೇ ಆಗಿದ್ದರೆ ನನ್ನ ಸಲಹೆ ಬೇರೆ. ತೋಟದ ಮಟ್ಟಕ್ಕೆ ಮಣ್ಣನ್ನು ಶುದ್ಧಿ ಮಾಡುವ ಅಗತ್ಯವಿಲ್ಲ. ಉಪ್ಪಿನ ಜಾಗದ ಮೇಲೆ ನೀರಿಳಿಯದ ಹೊದಿಕೆ ಹಾಕಿ, ಚಾವಣಿಯ ಮಳೆನೀರನ್ನು ಹೊರಗೆ ಸಾಗಿಸಿ, ಹಳೆಯ ಬೋರ್‌ವೆಲ್‌ಗಳನ್ನು ಬಂದ್ ಮಾಡಿದರೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ. ಅಂತರ್ಜಲ ಮೇಲೇರಿ ಉಪ್ಪಿನ ಪದರವನ್ನು ಮುಟ್ಟುತ್ತಿರುವ ಕಡೆ ಮಾತ್ರ ಈ ಉಪಾಯ ನಡೆಯದು. ಮಳೆನೀರು ಇಂಗುಗುಂಡಿಯನ್ನು ಇಂಥ ಜಾಗದಲ್ಲಿ ತೋಡಬಾರದೆಂದು ಬೇರೆ ಹೇಳಬೇಕಾಗಿಲ್ಲವಾದರೂ, ಕಟ್ಟಡದ ನಕ್ಷೆಯಲ್ಲಿ ಅದು ಕಡ್ಡಾಯವಾಗಿ ಬಂದು ಕೂತಿರುತ್ತದೆ. ಅದನ್ನು ಉಪ್ಪಿಲ್ಲದ ಮೇಲ್ಬದಿಗೆ ಸರಿಸಿಕೊಳ್ಳಬೇಕು.

ನೀರಿನ ನಿವಾರಣೆ

ಆಳದ ಬೋರ್‌ವೆಲ್‌ನಿಂದ ಜೋರಾಗಿ ಎತ್ತಿ ಉಪ್ಪು ಖಾಲಿ ಮಾಡುತ್ತೇವೆಂಬುದು ತಪ್ಪು ಲೆಕ್ಕ. ಅದು ಮೇಲಿನ ಉಪ್ಪನ್ನು ಆಳಕ್ಕೆ ಎಳೆಯುತ್ತದೆ. ಶಿಥಿಲ ಪದರದಲ್ಲಿ ಮೂಲದ ಹತ್ತಿರ ಕಡಿಮೆ ಆಳದ ಬಾವಿ ತೋಡಿ ನಿಧಾನವಾಗಿ ಎತ್ತಬೇಕು. ಎತ್ತಿದ ನೀರಿಗೆ ದಾರಿ ಬೇಕಲ್ಲ, ಅಲ್ಲಿಗೆ ಲೆಕ್ಕ ಬಿಗಿಯಾಗುತ್ತದೆ. ಲೀಟರಿಗೆ 1,800 ಮಿ.ಗ್ರಾಂ ಲವಣವಿರುವ ನೀರನ್ನು ದಿನಕ್ಕೆ ಒಂದು ಲಕ್ಷ ಲೀಟರ್ ಎತ್ತಿದರೆ ದಿನಕ್ಕೆ 180 ಕೆ.ಜಿ. ಉಪ್ಪು. ಆರ್.ಓ. ಮಾಡಿದರೂ ಅಷ್ಟೂ ಉಪ್ಪು ರಿಜೆಕ್ಟ್ ನೀರಿನಲ್ಲಿ ಉಳಿಯುತ್ತದೆ. ಮಳೆ ಕಳೆದು ವರ್ಷಕ್ಕೆ ಒಂದು ಮೀಟರ್ ನೀರು ಆವಿಯಾಗುತ್ತದೆಂದು ಹಿಡಿದರೂ ಒಂದು ಎಕರೆಯ ಆವಿಯಾಗಿಸುವ ಕೊಳ ದಿನಕ್ಕೆ ಸುಮಾರು 11,000 ಲೀಟರನ್ನಷ್ಟೇ ಮುಗಿಸುತ್ತದೆ, ನೀರು ಉಪ್ಪಾದಂತೆ ಅದೂ ತಗ್ಗುತ್ತದೆ. ಪಂಪಿನ ಗಾತ್ರವನ್ನು ಈ ಕೊಳದ ಅಳತೆಯಿಂದ ಹಿಂದಕ್ಕೆ ಲೆಕ್ಕ ಹಾಕಬೇಕೇ ಹೊರತು ಮುಂದಕ್ಕಲ್ಲ.

ವಾಹಕತೆ ಸುತ್ತಲಿನ ಬೋರ್‌ವೆಲ್‌ಗಳ ಮಟ್ಟಕ್ಕೆ ಇಳಿದಾಗ ಪಂಪ್ ನಿಲ್ಲಿಸಿ, ಕನಿಷ್ಠ ಒಂದು ಮಳೆಗಾಲ ಮತ್ತು ಅದರ ಮುಂದಿನ ಬೇಸಿಗೆ ಕಾಯಬೇಕು. ಶಿಥಿಲ ಕಲ್ಲಿನ ಸಣ್ಣ ರಂಧ್ರಗಳಲ್ಲಿ ಸೇರಿಕೊಂಡ ಉಪ್ಪು ನಿಧಾನವಾಗಿ ಹೊರಬರುವುದರಿಂದ ಅಂಕಿ ಮತ್ತೆ ಏರುವುದು ಸಾಮಾನ್ಯ. ಏರಿಕೆ ಮಳೆಯ ನಂತರ ಬಂದರೆ ಮಣ್ಣಿಗೆ ಹಿಂತಿರುಗಿ ಉಳಿದ ಜಾಗವನ್ನು ಹುಡುಕಬೇಕು. ಬೇಸಿಗೆಯಲ್ಲಿ ಮಾತ್ರ ಬಂದರೆ ಅದೇ ಕಡಿಮೆ ಆಳದ ಬಾವಿಯಿಂದ ಮತ್ತೊಂದು ಸುತ್ತು ಎತ್ತಬೇಕು. ಈ ಅವಧಿಯಲ್ಲಿ ಪಕ್ಕದ ತೋಟದ ಬೋರ್‌ವೆಲ್ ನೀರಿನ ಕ್ಲೋರೈಡ್, ಸೋಡಿಯಂ, ಫ್ಲೋರೈಡ್ ಮೂರನ್ನೂ ಪ್ರತಿ ಮೂರು ತಿಂಗಳಿಗೊಮ್ಮೆ ಅದೇ ಪ್ರಯೋಗಾಲಯದಲ್ಲಿ ಅಳೆಯಿಸಿ, ವರದಿಯ ಒಂದು ಪ್ರತಿಯನ್ನು ತೋಟದವರಿಗೂ ಕೊಡತಕ್ಕದ್ದು.